ಕೆಱೆ, ಚಿಱೈ, ಸೆಱೆ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಕೊತ್ತಗೆರೆ ಎಂಬ ಊರುಂಟು. ಒಂದು ಹೋಬಳಿಗೂ ಅದೇ ಹೆಸರು. ಈ ಹೆಸರಿನ ಉತ್ತರಪದವು ‘ಕೆರೆ’ ಎಂಬುದನ್ನೂ, ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿರುವುದನ್ನೂ ವ್ಯಾಕರಣವನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ದಾವಣಗೆರೆಯಲ್ಲಿಯೂ ಹೀಗೆಯೇ, ಅದೇ ಜಿಲ್ಲೆಯ ತುರುವೇಕೆರೆಯಲ್ಲಿ ಮಾತ್ರ ಕಕಾರವು ಮಾರ್ಪಡದೆ ನಿಂತಿದೆ. ಮಳೆಯ ನೀರನ್ನು ತಡೆದು ನಿಲ್ಲಿಸಿ ಬೇಸಾಯಮಾಡುವ ಸೀಮೆಯಲ್ಲಿ ಊರುಗಳ ಹೆಸರುಗಳಿಗೆ ಕೆರೆಯು ಅಂಟಿಕೊಂಡಿರುವುದು ಸಹಜವೇ ಸರಿ. ಆದರೆ ಎರಡಕ್ಷರದ ಈ ಶಬ್ದಕ್ಕೆ ನೆರೆಯ ಭಾಷೆಗಳಲ್ಲಿ ಬಂಧುಗಳು ಯಾರು ಎಂಬ ಪ್ರಶ್ನೆಗೆ ಕಿವಿಯು ಕೊಡುವ ಉತ್ತರವೇ ಬೇರೆ, ಶಾಸ್ತ್ರವು ಕೊಡುವ ಉತ್ತರವೇ ಬೇರೆ.

ಕಿವಿಗೆ ಮೊದಲು ತೋರುವುದು ತಮಿಳಿನ ‘ಕರೈ’. ಅದಕ್ಕೆ ದಡ, ತೀರ ಎಂಬ ಅರ್ಥವಿರುವುದರಿಂದ, ದಡದ ಹೆಸರೇ ನೀರಿಗೂ ಬಂದಿತೆಂದು ಹೇಳಿಬಿಡುವುದು ಸುಲಭ. ಹಾಗೆ ಹೇಳಲು ಅಡ್ಡಿಯಾಗಿರುವುದು ಒಂದು ಅಕ್ಷರ. ಪ್ರಾಚೀನ ಶಾಸನಗಳಲ್ಲಿ ಈ ಶಬ್ದವು ಶಕಟರೇಫದಿಂದ ಕೂಡಿ ‘ಕೆಱೆ’ ಎಂದೇ ಕಾಣುವುದು. ತಮಿಳಿನ ಕರೈ ಎಂಬುದರಲ್ಲಿರುವುದಾದರೋ ಸಾಮಾನ್ಯ ರೇಫ. ಕನ್ನಡದ ಶಕಟರೇಫಕ್ಕೆ ತಮಿಳಿನಲ್ಲಿಯೂ ಶಕಟರೇಫವೇ ಎದುರಾಗಿ ನಿಲ್ಲಬೇಕು: ತೊಱೆಗೆ ತುಱೈ, ಮಱೆಗೆ ಮಱೈ. ತಮಿಳು ಕರೈಗೆ ನಿಜವಾದ ಜೊತೆಯು ಕನ್ನಡದ ‘ಕರೆ’. ದಡ, ಬಟ್ಟೆಯ ಅಂಚು ಎಂಬ ಅರ್ಥಗಳುಳ್ಳ ಆ ಶಬ್ದವು ‘ಕರಾವಳಿ’ಯಲ್ಲಿ ಇಂದಿಗೂ ಉಳಿದಿದೆ.

ಹಾಗಾದರೆ ಕೆಱೆಯ ಜೊತೆ ಯಾವುದು? ಇ, ಎ ಸ್ವರಗಳ ಹಿಂದಿನ ಕಕಾರವನ್ನು ಕನ್ನಡವು ಉಳಿಸಿಕೊಂಡಿತು. ತಮಿಳು, ಮಲಯಾಳ, ತೆಲುಗುಗಳಲ್ಲಿ ಅದು ಚಕಾರವಾಯಿತು. ಕಿವಿಗೆ ಚೆವಿ, ಕೆಯ್ ಎಂಬ ಧಾತುವಿಗೆ ತಮಿಳಿನ ಚೆಯ್, ಕೇರಿಗೆ ಚೇರಿ. ಇನ್ನು ಸ್ವರದ ವಿಷಯ: ತಮಿಳಿನ ಇಲೈ ಕನ್ನಡದಲ್ಲಿ ಎಲೆ, ನಿಲೈ ಎಂಬುದು ನೆಲೆ. ಈ ಎರಡು ನಿಯಮಗಳನ್ನೂ ಶಕಟರೇಫವನ್ನೂ ಕೂಡಿಸಿ ನೋಡಿದರೆ ‘ಕೆಱೆ’ಗೆ ತಮಿಳಿನಲ್ಲಿ ‘ಚಿಱೈ’ ಎಂದಿರಬೇಕು. ಅಂತಹ ಶಬ್ದವು ಇದ್ದೇ ಇದೆ. ಅದರ ಪ್ರಸಿದ್ಧಾರ್ಥವು ಮಾತ್ರ ಬಂದೀಖಾನೆ!

ಅರ್ಥವು ಇಷ್ಟು ದೂರ ಹೋದುದನ್ನು ಕಂಡು ಸಂಶಯಪಡುವವರು ಮಲಯಾಳವನ್ನು ನೋಡಬೇಕು. ಅಲ್ಲಿ ‘ಚಿಱ’ ಎಂದರೆ ನೀರಿಗೆ ಅಡ್ಡವಾಗಿ ಹಾಕಿದ ಕಟ್ಟೆಯೂ ಹೌದು, ಆ ಕಟ್ಟೆಯು ತಡೆದ ನೀರೂ ಹೌದು. ತ್ರಿಶ್ಶೂರಿನ ವಡಕ್ಕೇಚಿಱ ಒಂದು ಕೊಳ. ತಿರುವನಂತಪುರ ಜಿಲ್ಲೆಯ ಚಿಱಯಿನ್‌ಕೀೞ್ ಎಂಬ ಊರ ಹೆಸರಿಗೆ ‘ಚಿಱೆಯ ಕೆಳಗೆ’ ಎಂದು ಶಬ್ದಾರ್ಥ. ತಮಿಳಿನ ಚಿಱೈಗೂ ಅಣೆಕಟ್ಟು, ಜಲಾಶಯ ಎಂಬ ಅರ್ಥಗಳು ನಿಘಂಟುಗಳಲ್ಲಿವೆ. ತೆಲುಗು ಈ ಎರಡು ಅರ್ಥಗಳಿಗೆ ಎರಡು ರೂಪಗಳನ್ನು ಹಂಚಿಕೊಟ್ಟಿದೆ: ನೀರಿಗೆ ಚೆಱುವು, ಸೆರೆಗೆ ಚೆಱ. ತೆಲುಗನ್ನಾಡುವ ಜನರು ಬಹಳವಾಗಿರುವ ಪಾವಗಡವೂ ಕೊತ್ತಗೆರೆಯ ಜಿಲ್ಲೆಗೇ ಸೇರಿರುವುದರಿಂದ, ಕೆರೆ, ಚೆರುವು ಎಂಬೆರಡು ಮಾತುಗಳೂ ಒಂದೇ ಜಿಲ್ಲೆಯಲ್ಲಿ ಕೇಳಿಬರುತ್ತವೆ. ತಡೆಯುವುದು, ಹಿಡಿದು ನಿಲ್ಲಿಸುವುದು ಎಂಬುದೇ ಮೂಲಾರ್ಥ. ತಡೆದ ನೀರು ಕೆಱೆಯಾಯಿತು, ತಡೆಯುವ ಮಣ್ಣು ಚಿಱೆಯಾಯಿತು, ತಡೆಯಲ್ಪಟ್ಟ ಮನುಷ್ಯನ ಸ್ಥಿತಿಯು ಚಿಱೈ ಆಯಿತು.

ಕನ್ನಡದಲ್ಲಿಯೂ ‘ಸೆಱೆ’ ಎಂಬ ಶಬ್ದವುಂಟಷ್ಟೆ. ಕಕಾರವನ್ನು ಬಿಡದ ಭಾಷೆಯಲ್ಲಿ ಸಕಾರವು ಹೇಗೆ ಬಂದಿತು? ತಾಲವ್ಯವನ್ನು ಆಗಲೇ ಪಡೆದಿದ್ದ ನೆರೆಯ ಭಾಷೆಯೊಂದರಿಂದ ಶಬ್ದವು ಹೀಗೆ ಮರಳಿ ಬಂದಿತೆಂದು ಊಹಿಸುವುದೇ ಯುಕ್ತ. ಎಂದರೆ ಒಂದೇ ಮಾತು ಕನ್ನಡಕ್ಕೆ ಎರಡು ಸಲ ದೊರಕಿದೆ. ಒಮ್ಮೆ ತಾಯಿಯ ಕಡೆಯಿಂದ, ಒಮ್ಮೆ ನೆಂಟರ ಮನೆಯಿಂದ.

ಇಂತಹ ಅರ್ಥಾಂತರವು ದ್ರಾವಿಡ ಭಾಷೆಗಳಿಗೇ ಮೀಸಲಾದುದಲ್ಲ. ಡಚ್ಚರ ‘ಡೈಕ್’ ಎಂದರೆ ಕಡಲನ್ನು ತಡೆಯುವ ಕಟ್ಟೆ. ಅದಕ್ಕೆ ಸಮಾನವಾದ ಜರ್ಮನ್ ‘ಟೈಖ್’ ಎಂದರೆ ಕೊಳ. ಇಂಗ್ಲಿಷಿನ ‘ಡಿಚ್’ ಎಂದರೆ ಹಳ್ಳ ತೋಡಿದ ಕಾಲುವೆ. ಇಂಗ್ಲಿಷಿನಲ್ಲಿಯೂ ಡೈಕ್, ಡಿಚ್ ಎಂದು ಕಕಾರ ಚಕಾರಗಳೆರಡೂ ಉಳಿದಿರುವುದು ಕೆಱೆ, ಸೆಱೆಗಳ ಜೋಡಿಯನ್ನು ನೆನಪಿಗೆ ತರುವಂತಿದೆ.

ಹೊಸಗನ್ನಡದಲ್ಲಿ ಶಕಟರೇಫವು ಬಿದ್ದುಹೋದ ಮೇಲೆ, ಉಗುರಿನಿಂದ ‘ಕೆರೆ’ಯುವುದಕ್ಕೂ ನೀರಿನ ‘ಕೆರೆ’ಗೂ ಬರಹದಲ್ಲಿ ಭೇದವಿಲ್ಲ. ಲೋಕವ್ಯವಹಾರಕ್ಕೆ ಇದರಿಂದ ತೊಂದರೆಯಿಲ್ಲ. ಹಳೆಯ ಪಾಠಗಳನ್ನು ಅಚ್ಚುಮಾಡುವವರು ಱಕಾರವನ್ನು ರಕಾರವಾಗಿ ತಿದ್ದಿದರೆ ಮಾತ್ರ, ದ್ವಿತೀಯಾಕ್ಷರ ಪ್ರಾಸದ ಸಾಕ್ಷ್ಯವೂ ಮೇಲೆ ಹೇಳಿದ ಬಾಂಧವ್ಯದ ಸಾಕ್ಷ್ಯವೂ ಒಟ್ಟಿಗೆ ಅಳಿದುಹೋಗುವುವು.

ಪಾಠ ಹೇಳುವವರಿಗೆ ಇನ್ನೂ ಹತ್ತಿರದ ತೊಡಕೆಂದರೆ ‘ಏರಿ’. ಕನ್ನಡಿಗನು ಕೆರೆಯ ಏರಿಯ ಮೇಲೆ ನಡೆಯುತ್ತಾನೆ. ತಮಿಳನು ಏರಿಯಲ್ಲಿ ಮೀನು ಹಿಡಿಯುತ್ತಾನೆ, ಏಕೆಂದರೆ ಅವನಿಗೆ ಏರಿಯೇ ಕೆರೆ. ಇವೆರಡೂ ಒಂದೇ ಶಬ್ದವೆಂದು ಒಡನೆ ತೀರ್ಮಾನಿಸುವುದೂ ಸಲ್ಲದು. ಏಱು ಎಂಬ ಧಾತುವಿನಲ್ಲಿ ಶಕಟರೇಫವಿದೆ, ತಮಿಳಿನ ಏರಿಯಲ್ಲಿ ಅದಿಲ್ಲ. ಮೂಲವು ಏನೇ ಆಗಿರಲಿ, ಅರ್ಥಭೇದವನ್ನು ಮರೆತರೆ ಶಾಸನದ ಓದು ಕೆಡುತ್ತದೆ. ಉತ್ತರಮೇರೂರಿನ ಕ್ರಿ.ಶ. 919 ಮತ್ತು 921ರ ಪರಾಂತಕ ಚೋಳನ ಶಾಸನಗಳಲ್ಲಿ ಬರುವ ‘ಏರಿ ವಾರಿಯಂ’ ಎಂಬ ಮಂಡಲಿಯು ಬರಿಯ ಕಟ್ಟೆಯ ಮಣ್ಣನ್ನು ನೋಡಿಕೊಳ್ಳುತ್ತಿದ್ದುದಲ್ಲ. ಕೆರೆಯೇ ಅದರ ವಶದಲ್ಲಿತ್ತು. ಕೋಲಾರದ ಸೀಮೆಯಲ್ಲಿ ಚೋಳರ ಕಾಲದ ತಮಿಳು ಶಾಸನಗಳು ಹೇರಳವಾಗಿವೆ. ಅವುಗಳಲ್ಲಿ ಏರಿಯೊಂದನ್ನು ಕಟ್ಟಿಸಿದರೆಂದು ಕಂಡಲ್ಲಿ, ಹಳೆಯ ಕೆರೆಗೆ ಮಣ್ಣು ಏರಿಸಿದರೆಂದು ಕನ್ನಡದ ಕಿವಿಯಿಂದ ಅರ್ಥಮಾಡಿದರೆ, ಊರಿಗೆ ಹೊಸದಾಗಿ ಒಂದು ಕೆರೆಯನ್ನೇ ಕೊಟ್ಟವನ ದಾನವು ಬರಿಯ ದುರಸ್ತಿಯ ಲೆಕ್ಕಕ್ಕೆ ಇಳಿಯುವುದು.