ಧನುರ್ಮಾಸದ ಕಚೇರಿಗೆ ನೆಂಟರನ್ನು ಕರೆಯುವ ಮುನ್ನ

ಅಡ್ಯಾರಿನ ಕನ್ನಡಿಗರ ಮನೆಗಳಿಗೆ ಧನುರ್ಮಾಸದಲ್ಲಿ ಊರಿನಿಂದ ನೆಂಟರು ಬರುವುದುಂಟು. ಅವರಿಗೆ ಮುಂಚಿತವಾಗಿಯೇ ತಿಳಿಸಿರಿ: ರೈಲು ಮೊದಲು, ಕಚೇರಿ ಆಮೇಲೆ. ರೈಲಿನ ಮುಂಗಡ ಟಿಕೇಟು 60 ದಿನ ಮೊದಲೇ ಆರಂಭ. ಸಭೆಗಳ ಪಟ್ಟಿಗಾಗಿ ಕಾದು ಕುಳಿತರೆ ಡಿಸೆಂಬರ್ ಕೊನೆಯ ವಾರಕ್ಕೆ ಜಾಗ ಸಿಗುವುದು ಕಷ್ಟ.

ಅನೇಕ ಸಭೆಗಳಲ್ಲಿ ಮಧ್ಯಾಹ್ನದ ಕಚೇರಿಗೆ ಟಿಕೇಟಿಲ್ಲ. ಆ ಹಣವನ್ನು ಒಂದು ಸಂಜೆಗೆಂದು ಉಳಿಸಿರಿ. ತಿರುವಾನ್ಮಿಯೂರಿನ ಕಲಾಕ್ಷೇತ್ರದ ಉತ್ಸವದಲ್ಲಿ ರಾಮಾಯಣ ನೃತ್ಯನಾಟಕವಿದ್ದರೆ ಬಿಡತಕ್ಕದ್ದಲ್ಲ. 1936ರಲ್ಲಿ ರುಕ್ಮಿಣೀದೇವಿಯವರು ಅಡ್ಯಾರಿನಲ್ಲಿ ಸ್ಥಾಪಿಸಿದ ಈ ಸಂಸ್ಥೆಗೆ ನಮ್ಮ ಮೈಸೂರು ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಬಂದು, ಆ ರಾಮಾಯಣಕ್ಕೆ ರಾಗಸಂಯೋಜನೆ ತೊಡಗಿದರು. 1961ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದುದನ್ನು ಪೂರೈಸಿದವರು ಮೊಮ್ಮಗ ರಾಜಾರಾಮ್. ಇಷ್ಟನ್ನು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ಯಿರಿ. ಕಡಲ ಗಾಳಿಯ ಊರು. ಅಜ್ಜಿಗೊಂದು ಶಾಲು ಇರಲಿ.