ದೆವ್ವ ಆಡುವ ಭಾಷೆ

ಹಳೇ ಬಂಗಲೆ, ಬೀಗ ಜಡಿದ ಕೋಣೆ, "ಅತ್ತ ಹೋಗಬೇಡಿ" ಎನ್ನುವ ಮುದುಕ, ನಡುರಾತ್ರಿಯ ಗೆಜ್ಜೆ ಸದ್ದು. ನಾಸಿಕ್‌ನಲ್ಲಿ ಕೂತು ನೋಡಿದರೂ ಛತ್ರಪತಿ ಸಂಭಾಜಿನಗರದಲ್ಲಿ ನೋಡಿದರೂ, ಹಿಂದಿಯಾಗಲಿ ಕನ್ನಡವಾಗಲಿ, ಹಾರರ್ ಸಿನಿಮಾದ ಈ ಸಾಮಾನು ಬದಲಾಗುವುದಿಲ್ಲ. ಆದರೆ ಊರು ಬಿಟ್ಟು ಬಂದ ನಮ್ಮಂಥವರು ಗಮನಿಸಬೇಕಾದ ಇನ್ನೊಂದು ರೂಢಿಯೂ ಇದೆ: ಎಷ್ಟೋ ಸಲ ದೆವ್ವ ಆಡುವುದು ಬೇರೆ ನಾಡಿನ ಭಾಷೆ.

1993ರ ಮಲಯಾಳಂ 'ಮಣಿಚಿತ್ರತಾಳ್'ನ ನಾಗವಲ್ಲಿ ಆಡುವುದು ತಮಿಳು. ಅದೇ ಕಥೆ 2004ರಲ್ಲಿ 'ಆಪ್ತಮಿತ್ರ'ವಾಗಿ ಕನ್ನಡಕ್ಕೆ ಬಂದಾಗ ಸೌಂದರ್ಯ ಅವರ ಬಾಯಲ್ಲಿ ತೆಲುಗು. 2005ರ ತಮಿಳು 'ಚಂದ್ರಮುಖಿ'ಯಲ್ಲೂ ತೆಲುಗೇ. 2007ರ ಹಿಂದಿ 'ಭೂಲ್ ಭುಲಯ್ಯಾ'ದ ಮಂಜುಲಿಕಾ ಬಂಗಾಳಿ.

ನಾಲ್ಕರಲ್ಲೂ ಅವಳು ಹೊರಗಿನಿಂದ ಬಂದ ನರ್ತಕಿ. ಅವಳ ಪ್ರೇಮಕ್ಕೆ ಅಡ್ಡ ಬಂದು ಬಾಳು ಹಾಳು ಮಾಡಿದವನು ಆ ಮನೆಯ ಒಡೆಯ. ಅನ್ಯಾಯ ಮಾಡಿದ್ದು ಊರಿನವನು, ಭಯ ಹುಟ್ಟಿಸುವುದು ಪರಊರಿನವಳು!

ಅಸಲಿಗೆ ಇಲ್ಲಿ ದೆವ್ವವೂ ಇಲ್ಲ. ನಾಯಕಿ ತಾನೇ ಆ ನರ್ತಕಿ ಎಂದುಕೊಂಡಿದ್ದಾಳೆ, ಇದು ಮನೋರೋಗ ಎನ್ನುತ್ತಾನೆ ವೈದ್ಯ. ರೋಗ ಕೆರಳಿದ್ದು ನಮಗೆ ತಿಳಿಯುವುದು ಹೇಗೆ? ಅವಳ ಭಾಷೆ ಬದಲಾದಾಗ. ವಾಸಿಯಾದದ್ದು? ಆ ಭಾಷೆ ಬಾಯಿಂದ ಹೋದಾಗ.

ನಮ್ಮ ಮಕ್ಕಳು ಹೊರಗೆ ಮರಾಠಿ, ಮನೆಯಲ್ಲಿ ಕನ್ನಡ ಆಡುವವರು. ಅವರ ಜೊತೆ ಈ ಸಿನಿಮಾ ನೋಡಿದರೆ, ಹೆದರಿಕೆ ಇಳಿದ ಮೇಲೆ ಒಂದು ಮಾತು ಹೇಳಿ: ನಾಗವಲ್ಲಿ ಆಡಿದ್ದು ಅವಳ ತಾಯ್ನುಡಿ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ.