ಮೈದಾನದ ಹೊರಗಿನ ಸೋಲು

ಇಂಗ್ಲೆಂಡಿನ ಜನತೆಗೆ ಕ್ರಿಕೆಟ್, ಫುಟ್‌ಬಾಲ್‌ಗಳಂತೆಯೇ ಪ್ರಿಯವಾದ ಇನ್ನೊಂದು ಕ್ರೀಡೆ ರಗ್ಬಿ. ಈ ಆಟದಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಆದರೆ ಜೊತೆಗಾರನತ್ತ ಅದನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ತಂಡಕ್ಕೆ ಹದಿನೈದು ಮಂದಿಯಂತೆ 80 ನಿಮಿಷಗಳ ಕಾಲ ಆಡುವ ಬಗೆಗೆ ‘ರಗ್ಬಿ ಯೂನಿಯನ್’ ಎಂದು ಹೆಸರು. ಎದುರಾಳಿಗಳ ಗೆರೆಯನ್ನು ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ‘ಟ್ರೈ’. ಅದಕ್ಕೆ 5 ಅಂಕಗಳು.

ಅಲ್ಲಿನ ಅಗ್ರ ಶ್ರೇಣಿಯ ಲೀಗ್ ಪಂದ್ಯಾವಳಿ ಆರಂಭವಾದುದು 1987ರಲ್ಲಿ. ಗೆದ್ದ ತಂಡಕ್ಕೆ 4 ಅಂಕ, ಸಮನಾದರೆ ತಲಾ 2 ಅಂಕ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಟ್ರೈ ಗಳಿಸಿದರೆ ಒಂದು ಅಧಿಕ ಅಂಕ. ಏಳಕ್ಕಿಂತ ಹೆಚ್ಚಿನ ಅಂತರವಿಲ್ಲದೆ ಸೋತವರಿಗೂ ಒಂದು ಅಂಕ. ಹೀಗೆ ಸೋಲಿನಲ್ಲಿಯೂ ಹೋರಾಟಕ್ಕೆ ಮನ್ನಣೆಯುಂಟು. ಮೊದಲ ನಾಲ್ಕು ಸ್ಥಾನ ಪಡೆದ ತಂಡಗಳು ಸೆಮಿಫೈನಲ್ ಪ್ರವೇಶಿಸುತ್ತವೆ.

1995ರವರೆಗೆ ಈ ಆಟದಲ್ಲಿ ಸಂಬಳ ಪಡೆಯುವುದು ನಿಷಿದ್ಧವಾಗಿತ್ತು. ಆ ನಿಷೇಧ ತೊಲಗಿದ ಮೇಲೆ ಕ್ರೀಡೆಯ ಮಟ್ಟ ಏರಿತು; ಅದರೊಡನೆ ಕ್ಲಬ್ಬುಗಳ ವೆಚ್ಚವೂ ಏರಿತು. ಆದಾಯಕ್ಕೆ ಮೀರಿದ ಖರ್ಚನ್ನು ಹಲವು ಕ್ಲಬ್ಬುಗಳು ಸಾಲದಿಂದಲೂ ಸಿರಿವಂತ ಒಡೆಯರ ನೆರವಿನಿಂದಲೂ ತೂಗಿಸಿದವು. 2020ರಲ್ಲಿ ಕೊರೊನಾ ಪಿಡುಗಿನಿಂದ ಕ್ರೀಡಾಂಗಣಗಳ ಬಾಗಿಲು ಮುಚ್ಚಿದಾಗ ಟಿಕೆಟ್ಟಿನ ಹಣವೂ ನಿಂತುಹೋಯಿತು.

ಇದರ ಫಲ 2022-23ರ ಋತುವಿನಲ್ಲಿ ಕಾಣಿಸಿತು. ಹದಿಮೂರು ತಂಡಗಳೊಡನೆ ಆರಂಭವಾದ ಪಂದ್ಯಾವಳಿಯಲ್ಲಿ ವೂಸ್ಟರ್ ವಾರಿಯರ್ಸ್ ಕ್ಲಬ್ಬು ಸೆಪ್ಟೆಂಬರ್ ತಿಂಗಳಲ್ಲಿಯೇ ದಿವಾಳಿಯ ಅಂಚಿಗೆ ಬಂದಿತು. ಮರು ತಿಂಗಳು ವಾಸ್ಪ್ಸ್ ಕ್ಲಬ್ಬಿನ ಸರದಿ. ಈ ಹೆಸರಿಗೆ ಕಣಜದ ಹುಳುಗಳು ಎಂದು ಅರ್ಥ. 1867ರಲ್ಲಿ ಹುಟ್ಟಿ, ಆರು ಬಾರಿ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ಕ್ಲಬ್ಬು ಅದು. ಹೊಸ ಕ್ರೀಡಾಂಗಣವನ್ನು ನೆಚ್ಚಿ 2014ರಲ್ಲಿ ಕಾವೆಂಟ್ರಿ ನಗರಕ್ಕೆ ನೆಲೆ ಬದಲಿಸಿದ ಅದು, ಮರುವರ್ಷ ಸಾಲಪತ್ರಗಳ ಮೂಲಕ 3.5 ಕೋಟಿ ಪೌಂಡು ಸಂಗ್ರಹಿಸಿತ್ತು. 2022ರಲ್ಲಿ ಅವಧಿ ತೀರಿದಾಗ ಹಣ ಹಿಂದಿರುಗಿಸಲಾಗಲಿಲ್ಲ. ಅಕ್ಟೋಬರ್ 17ರಂದು ಆಟಗಾರರೂ ಸಿಬ್ಬಂದಿಯೂ ಸೇರಿ 167 ಮಂದಿ ಕೆಲಸ ಕಳೆದುಕೊಂಡರು.

ಎರಡೂ ಕ್ಲಬ್ಬುಗಳನ್ನು ಲೀಗಿನಿಂದ ಕೆಳಗಿಳಿಸಲಾಯಿತು. ಅವು ಅದುವರೆಗೆ ಆಡಿದ್ದ ಪಂದ್ಯಗಳ ಫಲಿತಾಂಶಗಳನ್ನೂ ಅಂಕಪಟ್ಟಿಯಿಂದ ಅಳಿಸಲಾಯಿತು. ಬೆವರು ಸುರಿಸಿ ಗಳಿಸಿದ ಗೆಲುವುಗಳು ಎದುರಾಳಿಗಳ ಲೆಕ್ಕದಿಂದಲೂ ಮಾಯವಾದವು. ಉಳಿದ ಹನ್ನೊಂದು ತಂಡಗಳು ತಲಾ 20 ಪಂದ್ಯಗಳನ್ನಾಡಿ ಋತುವನ್ನು ಪೂರೈಸಿದವು.

2023ರ ಮೇ 27ರಂದು ಲಂಡನ್ನಿನ ಟ್ವಿಕನಂ ಕ್ರೀಡಾಂಗಣದಲ್ಲಿ ನಡೆದ ಫೈನಲ್ ಪಂದ್ಯದಲ್ಲಿ ಸರಾಸೆನ್ಸ್ ತಂಡ ಸೇಲ್ ಶಾರ್ಕ್ಸ್ ತಂಡವನ್ನು 35-25 ಅಂಕಗಳಿಂದ ಸೋಲಿಸಿತು. ಸಂಬಳದ ಮಿತಿಯನ್ನು ಮೀರಿದ ತಪ್ಪಿಗಾಗಿ 2020ರಲ್ಲಿ ಕೆಳ ಶ್ರೇಣಿಗೆ ತಳ್ಳಲ್ಪಟ್ಟಿದ್ದ ಸರಾಸೆನ್ಸ್, ದಂಡನೆಯನ್ನು ಅನುಭವಿಸಿ ಹಿಂದಿರುಗಿ ಕಿರೀಟ ಧರಿಸಿದ್ದು ಗಮನಾರ್ಹ.

ವಿಜಯೋತ್ಸವದ ಸದ್ದು ಅಡಗುವ ಮೊದಲೇ ಮತ್ತೊಂದು ಆಘಾತ ಬಂದೆರಗಿತು. ಐದನೆಯ ಸ್ಥಾನ ಪಡೆದಿದ್ದ ಲಂಡನ್ ಐರಿಷ್ ಕ್ಲಬ್ಬು ಜೂನ್ ತಿಂಗಳಲ್ಲಿ ಹಣವಿಲ್ಲದೆ ಲೀಗಿನಿಂದ ಹೊರಬಿದ್ದಿತು. ಮುಂದಿನ ಋತುವಿಗೆ ಉಳಿದವು ಹತ್ತೇ ತಂಡಗಳು. ವೂಸ್ಟರ್ ಮಾತ್ರ 2025ರಲ್ಲಿ ಎರಡನೆಯ ಶ್ರೇಣಿಯಿಂದ ಆಟವನ್ನು ಪುನಃ ಆರಂಭಿಸಿತು.

ಆಟದ ಸೋಲನ್ನು ಮುಂದಿನ ವಾರದ ಗೆಲುವು ಮರೆಸಬಲ್ಲದು. ಲೆಕ್ಕಪುಸ್ತಕದ ಸೋಲು ಹಾಗಲ್ಲ. ತಲೆಮಾರುಗಳು ಕಟ್ಟಿದ ಸಂಸ್ಥೆಯನ್ನು ಅದು ಕೆಲವೇ ದಿನಗಳಲ್ಲಿ ಕೆಡವುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಸಂಸಾರಕ್ಕೆ ಸಲ್ಲುವಂತೆ ಕ್ರೀಡಾಸಂಸ್ಥೆಗಳಿಗೂ ಸಲ್ಲುತ್ತದೆ.